ಎರಡನೆಯ ಟೇಕ್

ಲೀಲಂಡ್ ಪ್ರೂಯಿಟ್ ಮಾತು ಬರೆಯುವುದನ್ನು ಕಲಿತದ್ದು ಕೋರ್ಟಿನಲ್ಲಿ. ನೆಬ್ರಾಸ್ಕಾದ ಒಂದು ಸಣ್ಣ ಊರಿನ ನ್ಯಾಯಾಲಯದಲ್ಲಿ ಅವನು ಏಳು ವರ್ಷ ಶೀಘ್ರಲಿಪಿಕಾರನಾಗಿದ್ದ. ದನ ಕದ್ದವರು, ಬೇಲಿ ಸರಿಸಿದವರು, ಹೆಂಡತಿಯ ಮೇಲೆ ಕೈಮಾಡಿದವರು ಕಟಕಟೆ ಹತ್ತಿ ಆಡಿದ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಳ್ಳುವುದು ಅವನ ಕೆಲಸ. ಹಾಗೆ ಬರೆದೂ ಬರೆದೂ ಅವನಿಗೊಂದು ಸಂಗತಿ ಹೊಳೆದಿತ್ತು. ಸುಳ್ಳು ಹೇಳುವವನ ವಾಕ್ಯ ಪೂರ್ತಿಯಾಗಿರುತ್ತದೆ. ನಿಜ ಹೇಳುವವನು ನಡುವೆ ಎಲ್ಲೋ ತಡವರಿಸುತ್ತಾನೆ. ಈ ಒಂದು ತಿಳಿವಳಿಕೆಯನ್ನೇ ಬಂಡವಾಳ ಮಾಡಿಕೊಂಡು 1934ರಲ್ಲಿ, ತನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ ಹಾಲಿವುಡ್‌ಗೆ ಬಂದ.

ಕೆಲಸ ಸಿಕ್ಕಿದ್ದು ಹ್ಯಾಲ್ವರ್ ಸ್ಟ್ರೀಟರ್ ಎಂಬವನ ಸಣ್ಣ ಸ್ಟುಡಿಯೊದಲ್ಲಿ. ಸ್ಟ್ರೀಟರ್ ಮೊದಲು ಸರ್ಕಸ್ಸಿಗೆ ಜಾಹೀರಾತು ಬರೆಯುತ್ತಿದ್ದವನು. ಕೌಬಾಯ್ ಚಿತ್ರಗಳನ್ನು ಒಲೆಯಿಂದ ರೊಟ್ಟಿ ಇಳಿಸಿದಂತೆ ಒಂದರ ಹಿಂದೊಂದು ಇಳಿಸುತ್ತಿದ್ದ. "ಮಾತು ಕಡಿಮೆ, ಕುದುರೆ ಜಾಸ್ತಿ" ಎನ್ನುವುದು ಅವನು ಪ್ರತಿ ಬರಹಗಾರನಿಗೂ ಮೊದಲ ದಿನ ಕೊಡುತ್ತಿದ್ದ ಉಪದೇಶ. ಲೀಲಂಡ್ ಅದಕ್ಕೆ ಹೇಳಿ ಮಾಡಿಸಿದಂತಿದ್ದ. ಹಳದಿ ಹಾಳೆಯ ಮೇಲೆ ಮೊದಲು ಪಾತ್ರಗಳು ಆಡಬಹುದಾದ ಮಾತನ್ನೆಲ್ಲ ಬರೆಯುತ್ತಿದ್ದ. ಆಮೇಲೆ ಸೀಸದಕಡ್ಡಿ ಹಿಡಿದು ಹೊಡೆಯುತ್ತ ಹೋಗುತ್ತಿದ್ದ. ಹತ್ತು ಸಾಲಿನಲ್ಲಿ ಎರಡು ಉಳಿಯುತ್ತಿದ್ದವು. ಬಾಗಿಲು ತಟ್ಟುವುದನ್ನು ತೋರಿಸಬೇಡಿ, ಒಳಗೆ ಬಂದು ಟೋಪಿ ತೆಗೆದವನನ್ನು ತೋರಿಸಿ, ಎಂದು ಹೊಸಬರಿಗೆ ಹೇಳುತ್ತಿದ್ದ. ಬಿಟ್ಟದ್ದನ್ನು ನೋಡುವವರು ತಾವೇ ತುಂಬಿಕೊಳ್ಳುತ್ತಾರೆ ಎಂಬುದು ಅವನ ನಂಬಿಕೆ. ಹದಿನೈದು ವರ್ಷದಲ್ಲಿ ಮೂವತ್ತೆಂಟು ಚಿತ್ರಕಥೆ ಬರೆದ. ಹೆಸರುವಾಸಿಯಾಗಲಿಲ್ಲ, ಆದರೆ ಒಂದು ವಾರವೂ ಕೆಲಸವಿಲ್ಲದೆ ಕೂರಲಿಲ್ಲ.

ಮದುವೆ ಆಗಿರಲಿಲ್ಲ. ಭಾನುವಾರದ ಊಟ ಮಾತ್ರ ಒಂದು ಸಂಸಾರದ ಮೇಜಿನಲ್ಲಿ ನಡೆಯುತ್ತಿತ್ತು. ರೆಸೀಡಾದ ವಾಲ್‌ನಟ್ ತೋಪುಗಳ ಪಕ್ಕ ಕ್ಲೀಟಸ್ ಮೇಬ್ರಿ ಮತ್ತು ಓಪಲ್ ಎಂಬ ದಂಪತಿಗಳಿದ್ದರು. ಇಬ್ಬರೂ ಓಕ್ಲಹೋಮಾದವರು. ಕ್ಲೀಟಸ್ ನಾಯಕನಟರ ಬದಲಿಗೆ ಕುದುರೆಯಿಂದ ಬೀಳುವವನು. ತೆರೆಯ ಮೇಲೆ ಗುಂಡು ತಗುಲಿ ಉರುಳುವ ಹತ್ತು ಜನರಲ್ಲಿ ಮೂವರು ಕ್ಲೀಟಸ್ಸೇ ಆಗಿರುತ್ತಿದ್ದ. ಬೇರೆ ಬೇರೆ ಟೋಪಿ, ಅಷ್ಟೇ. ಲೀಲಂಡ್ ಹೊಸ ಕಥೆಯನ್ನು ಅವರ ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದ. ಓಪಲ್ ಬೆಂಡೆಕಾಯಿ ಹುರಿಯುತ್ತಲೋ ಮೆಕ್ಕೆಜೋಳದ ಬ್ರೆಡ್ ಕುಯ್ಯುತ್ತಲೋ ಕೇಳಿಸಿಕೊಳ್ಳುತ್ತಿದ್ದಳು.

"ತಡಿ, ತಡಿ. 'ನಿಮ್ಮನ್ನು ನಾನು ಎಂದೆಂದಿಗೂ ಮರೆಯಲಾರೆ' ಅಂತಾಳಾ ಅವಳು? ಗಂಡ ಕುದುರೆ ಹತ್ತಿ ಹೊರಟು ನಿಂತಿರೋವಾಗ?"

"ಮತ್ತೇನನ್ಬೇಕು?"

"ನಾನಾಗಿದ್ರೆ 'ಬುತ್ತಿ ತಗೊಂಡ್ಯಾ?' ಅಂತಿದ್ದೆ."

ಲೀಲಂಡ್ ಅಲ್ಲೇ ಹಳೆಯ ಸಾಲು ಹೊಡೆದು ಅದನ್ನೇ ಬರೆದುಕೊಂಡ. ಆ ಚಿತ್ರ ಬಂದಾಗ ಚಿತ್ರಮಂದಿರದಲ್ಲಿ ಆ ಮಾತಿಗೆ ಹೆಂಗಸರು ಮೂಗೊರೆಸಿಕೊಂಡರಂತೆ. ಓಪಲ್ ಒಂದು ತಿಂಗಳು ಅದನ್ನೇ ಹೇಳಿಕೊಂಡು ತಿರುಗಿದಳು.

ಕ್ಲೀಟಸ್‌ಗೆ ಮಾತಿನ ಗೊಡವೆ ಇರಲಿಲ್ಲ. ಕುದುರೆ ಬರುವ ಪುಟಕ್ಕೆ ಮಾತ್ರ ಕಿವಿ ನಿಮಿರಿಸುತ್ತಿದ್ದ. "ಅಲ್ಲ ರೈಟ್ರೇ, 'ಕುದುರೆ ಬೀಳುತ್ತದೆ' ಅಂತ ಎರಡು ಪದ ಗೀಚಿ ನೀನು ಊಟಕ್ಕೆ ಹೋಗ್ತೀಯ. ಆ ಎರಡು ಪದಕ್ಕೆ ನನ್ನ ಒಂದು ಪಕ್ಕೆಲುಬು ಹೋಗುತ್ತೆ, ಗೊತ್ತಾ?"

"ಹಾಗಾದ್ರೆ 'ಕುದುರೆ ಮುಗ್ಗರಿಸುತ್ತದೆ' ಅಂತ ಬರೀಲಾ?"

"ಬರಿ. ಅದಕ್ಕೆ ಬರೀ ಮೊಣಕೈ."

ಮೂವರೂ ನಗುತ್ತಿದ್ದರು.

ಆದರೆ ಒಂದು ಕೊರಗು ಲೀಲಂಡನನ್ನು ವರ್ಷದಿಂದ ವರ್ಷಕ್ಕೆ ಹೆಚ್ಚು ತಿನ್ನತೊಡಗಿತ್ತು. ಅವನು ಅಷ್ಟು ಹೊಡೆದು ಹೊಡೆದು ಉಳಿಸಿದ ಎರಡು ಸಾಲನ್ನು ನಿರ್ದೇಶಕರು ಕೆಡಿಸುತ್ತಿದ್ದರು. ಮೆಲ್ಲಗೆ ಆಡಬೇಕಾದದ್ದನ್ನು ಕೂಗಿಸುತ್ತಿದ್ದರು. ಸುಮ್ಮನಿರಬೇಕಾದ ಕಡೆ ಪಿಟೀಲು ತುರುಕುತ್ತಿದ್ದರು. ತಾನೇ ನಿರ್ದೇಶಿಸಬೇಕು ಎಂದು ನಾಲ್ಕು ಸಲ ಕೇಳಿದ್ದ. ನಾಲ್ಕು ಸಲವೂ ಸ್ಟ್ರೀಟರ್ ಅವನ ಭುಜ ತಟ್ಟಿ ಟೈಪ್‌ರೈಟರಿನ ಮುಂದೆ ಕೂರಿಸಿದ್ದ.

1949ರ ವಸಂತದಲ್ಲಿ ಸ್ಟ್ರೀಟರ್ ಅವನನ್ನು ಕರೆಸಿದ. ಮೇಜಿನ ಮೇಲೆ ಹೊಸ ಕಥೆ ಬಿದ್ದಿತ್ತು.

"ಚೆನ್ನಾಗಿದೆ. ಕೊನೆ ಸಪ್ಪೆ. ಇಬ್ಬರು ನಿಂತು ಮಾತಾಡ್ತಾರೆ, ಒಬ್ಬ ಹೊರಟುಹೋಗ್ತಾನೆ. ಏನಯ್ಯಾ ಇದು, ಶವಸಂಸ್ಕಾರವಾ?"

ಲೀಲಂಡ್‌ಗೆ ಆ ಕೊನೆಯೇ ಪ್ರಾಣ. ಆದರೂ ಅವನ ಬಾಯಿಂದ ಬಂದದ್ದೇ ಬೇರೆ. "ಕುದುರೆ ಸವಾರನ ಸಮೇತ ಸೇತುವೆಯಿಂದ ಹೊಳೆಗೆ ಹಾರುತ್ತೆ ಅಂದ್ರೆ?"

ಸ್ಟ್ರೀಟರ್ ಕುರ್ಚಿಯಲ್ಲಿ ಮುಂದಕ್ಕೆ ಬಂದ.

"ಹಾಕ್ತೀನಿ," ಎಂದ ಲೀಲಂಡ್, "ಆದರೆ ನಿರ್ದೇಶನ ನನ್ನದು."

"ಹನ್ನೊಂದು ದಿನ. ಹನ್ನೆರಡನೇ ದಿನಕ್ಕೆ ಹೋಯ್ತು ಅಂದ್ರೆ ನಿನ್ನನ್ನ ಜನ್ಮದಲ್ಲಿ ಕ್ಯಾಮೆರಾ ಹತ್ತಿರ ಬಿಡಲ್ಲ."

ಕರ್ನ್ ನದಿಯ ದಂಡೆಯಲ್ಲಿ ಚಿತ್ರೀಕರಣ. ಮೊದಲ ಮೂರು ದಿನ ಲೀಲಂಡ್ ನೆಲದ ಮೇಲೆ ನಡೆಯಲಿಲ್ಲ. ಅವನು ಬರೆದ ಮಾತು ಅವನು ಕೇಳಿಸಿಕೊಂಡ ಹಾಗೇ ನಟರ ಬಾಯಲ್ಲಿ ಬರುತ್ತಿತ್ತು. ಆದರೆ ಅವನಲ್ಲಿ ಒಂದು ಅಭ್ಯಾಸವಿತ್ತು. ಕ್ಯಾಮೆರಾ ತಿರುಗಿದ ಕೂಡಲೇ ಕಣ್ಣು ಮುಚ್ಚಿಬಿಡುತ್ತಿದ್ದ. ಕೋರ್ಟಿನಿಂದ ಬಂದದ್ದು ಅದು; ಕಿವಿಯಲ್ಲೇ ಬದುಕಿದವನು. ಪ್ರತಿ ಟೇಕಿನ ವಿವರ ಬರೆದಿಡುವ ನೆಲ್ಡಾ ಫ್ರಿಶ್ ಎಂಬ ಹೆಂಗಸು ಅವನ ಪಕ್ಕದ ಮಡಿಚು ಕುರ್ಚಿಯಲ್ಲೇ ಕೂರುತ್ತಿದ್ದಳು. ಇಪ್ಪತ್ತು ವರ್ಷ ಇದೇ ಕೆಲಸದಲ್ಲಿದ್ದವಳು.

"ಮಿಸ್ಟರ್ ಪ್ರೂಯಿಟ್," ಎಂದು ಎರಡನೆಯ ದಿನವೇ ಮೆಲ್ಲಗೆ ಹೇಳಿದಳು, "ಇದು ರೇಡಿಯೊ ಅಲ್ಲ. ಒಂಚೂರು ಕಣ್ಣು ಬಿಟ್ಟು ನೋಡಿ."

ಅವನು ನಕ್ಕ. ಕಣ್ಣು ಬಿಟ್ಟುಕೊಂಡಿರಲು ಪ್ರಯತ್ನಿಸಿದ.

ಐದನೆಯ ದಿನ ಸೇತುವೆ. ನೀರಿನಿಂದ ಹನ್ನೆರಡು ಅಡಿ ಎತ್ತರದ ಮರದ ಸೇತುವೆ, ಕಟಾಂಜನದ ಒಂದು ಭಾಗವನ್ನು ಮುರಿಯುವ ಹಾಗೆ ಸಡಿಲಮಾಡಿದ್ದರು. ಹಾರುವುದಕ್ಕೆ ಪಳಗಿಸಿದ ಕಂದು ಕುದುರೆ. ಕ್ಲೀಟಸ್ ಬೆಳಗಿನಿಂದ ಅದನ್ನು ಅಂಚಿಗೆ ಕರೆತಂದು ನೀರು ತೋರಿಸಿದ, ಮೂಸಿಸಿದ, ಕಿವಿಯ ಹಿಂದೆ ಕೆರೆದ. ಹನ್ನೊಂದೂ ಮುಕ್ಕಾಲಿಗೆ ಓಡಿಬಂದು ಹಾರಿದ.

ಕುದುರೆಯ ಗೊರಸು ಹಲಗೆ ಬಿಟ್ಟ ಕ್ಷಣ ಲೀಲಂಡ್ ಕಣ್ಣು ಮುಚ್ಚಿದ. ಬೇಕೆಂದು ಮುಚ್ಚಲಿಲ್ಲ. ಅಲ್ಲಿ ಹಾರುತ್ತಿದ್ದವನು ಅವನ ಗೆಳೆಯ. ಮರ ಮುರಿದ ಸದ್ದು ಕೇಳಿತು, ನೀರು ಒಡೆದ ಸದ್ದು ಕೇಳಿತು. ಕಣ್ಣು ಬಿಟ್ಟಾಗ ಕುದುರೆಯೂ ಕ್ಲೀಟಸ್ಸೂ ಆಚೆ ದಡದತ್ತ ಈಜುತ್ತಿದ್ದರು, ತಂಡದವರು ಚಪ್ಪಾಳೆ ತಟ್ಟುತ್ತಿದ್ದರು.

ಲೀಲಂಡ್ ಓಡಿಹೋಗಿ ಒದ್ದೆ ಮೈಯನ್ನೇ ತಬ್ಬಿಕೊಂಡ. "ಮುಗೀತು ಕಣೋ! ಇವತ್ತಿಗೆ ನಿಂಗೆ ರಜಾ!" ಎಂದು ತನ್ನ ಕಾರಿನ ಹಿಂದೆ ಮಂಜುಗಡ್ಡೆಯಲ್ಲಿ ಇಟ್ಟಿದ್ದ ಬಿಯರ್ ಬಾಟಲಿ ತಂದು ತಾನೇ ಮುಚ್ಚಳ ತೆಗೆದುಕೊಟ್ಟ. ಇನ್ನೊಂದನ್ನೂ ಕೊಟ್ಟ. ಇಬ್ಬರೂ ಕಲ್ಲಿನ ಮೇಲೆ ಕೂತು ಹಂದಿಮಾಂಸದ ಸ್ಯಾಂಡ್‌ವಿಚ್ ತಿಂದರು.

ಊಟವಾದ ಮೇಲೆ ಲೀಲಂಡ್‌ಗೆ ಒಂದು ಯೋಚನೆ ಕೊರೆಯತೊಡಗಿತು. ಚಿತ್ರದ ಅತಿ ದೊಡ್ಡ ಗಳಿಗೆಯನ್ನು ತಾನು ನೋಡಿಯೇ ಇಲ್ಲ. ಹೇಗಿತ್ತು ಎಂದು ಯಾರಾದರೂ ಕೇಳಿದರೆ ಏನು ಹೇಳುವುದು? ಕ್ಯಾಮೆರಾದವನನ್ನು ಕೇಳಿದ. ಅವನು ಕೆನ್ನೆ ಕೆರೆದುಕೊಂಡ. "ಚೆನ್ನಾಗೇ ಬಂದಿದೆ. ಹಿಂಗಾಲು ಒಂಚೂರು ಆಚೆ ಹೋಯ್ತೇನೋ ಅಂತ ಒಂದು ಅನುಮಾನ. ಫಿಲ್ಮ್ ತೊಳೆದು ಬರೋವರೆಗೆ ಆಣೆ ಮಾಡಿ ಹೇಳಕ್ಕಾಗಲ್ಲ."

ನಾನು ಕಣ್ಣು ಮುಚ್ಚಿದ್ದೆ ಎಂದು ಒಂದು ಮಾತು ನೆಲ್ಡಾಗೆ ಹೇಳಿದ್ದರೆ ಅವಳು ಚೌಕಟ್ಟಿನಲ್ಲಿ ಏನೇನಿತ್ತು ಎಂದು ಚಿತ್ರ ಬರೆದು ತೋರಿಸುತ್ತಿದ್ದಳು. ನಾಚಿಕೆಯಾಯಿತು, ಹೇಳಲಿಲ್ಲ. ಕ್ಲೀಟಸ್ ಬಳಿ ಹೋದ. ಅವನು ಮರದ ನೆರಳಲ್ಲಿ ಟೋಪಿಯನ್ನು ಮುಖಕ್ಕೆ ಮುಚ್ಚಿ ಮಲಗಿದ್ದ.

"ಇನ್ನೊಂದು ಸಲ ಆಗುತ್ತಾ?"

ಕ್ಲೀಟಸ್ ಟೋಪಿ ಸರಿಸಿ ಅವನನ್ನು ನೋಡಿದ. "ಯಾಕೆ, ಸರಿ ಬರ್ಲಿಲ್ವಾ?"

"ಬಂದಿದೆ. ಒಂದು ಅನುಮಾನ, ಅಷ್ಟೆ."

"ಕುದುರೆ ದಣಿದಿದೆ ಮಾರಾಯ."

"ನಿನಗೆ ಆಗಲ್ಲ ಅಂದ್ರೆ ಬೇಡ."

ಅಂಥ ಕಸುಬಿನವನಿಗೆ ಅದು ಆಡಬಾರದ ಮಾತು. ಕ್ಲೀಟಸ್ ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡ. "ನನಗೆ ಆಗದೆ ಏನು. ನಡಿ."

ಮುರಿದ ಕಟಾಂಜನವನ್ನು ಮತ್ತೆ ನಿಲ್ಲಿಸಿದರು. ಈ ಸಲ ಲೀಲಂಡ್ ಕಣ್ಣು ಬಿಟ್ಟುಕೊಂಡೇ ಇದ್ದ. ಅಂಚಿಗೆ ಬಂದ ಕುದುರೆ ಅರೆಗಳಿಗೆ ಹಿಂದೆಗೆಯಿತು, ಆಮೇಲೆ ಹಾರಿತು. ಮೊದಲ ಸಲ ಸಿಡಿದ ನೀರಿನಿಂದ ಇನ್ನೂ ಒದ್ದೆಯಾಗಿದ್ದ ಹಲಗೆಯ ಮೇಲೆ ಹಿಂಗಾಲು ಜಾರಿತ್ತು. ಗಾಳಿಯಲ್ಲೇ ಮಗ್ಗುಲಾಗಿ, ಆಳವಿಲ್ಲದ ದಡದ ಕಡೆಗೆ, ಕ್ಲೀಟಸ್‌ನನ್ನು ಕೆಳಗೆ ಹಾಕಿಕೊಂಡು ಬಿತ್ತು. ಕುದುರೆ ಎದ್ದು ನಡುಗುತ್ತ ನಿಂತಿತು. ಕ್ಲೀಟಸ್ ಏಳಲಿಲ್ಲ. "ಕಾಲು ಎಲ್ಲಿದೆ ನೋಡ್ರೋ," ಎಂದು ಮಾತ್ರ ಎರಡು ಸಲ ಹೇಳಿದ.

ಬೇಕರ್ಸ್‌ಫೀಲ್ಡ್‌ನ ಆಸ್ಪತ್ರೆಯಲ್ಲಿ ವೈದ್ಯರು ಸೊಂಟದಿಂದ ಕೆಳಗೆ ಇನ್ನು ಸ್ವಾಧೀನ ಬರುವುದಿಲ್ಲ ಎಂದರು. ಓಪಲ್ ಬಸ್ಸು ಹಿಡಿದು ಬಂದಳು. ಲೀಲಂಡನ ಕೈ ಹಿಡಿದುಕೊಂಡು ಅತ್ತಳು. ಅವನಿಗೂ ಅಳು ಬಂತು. ಕಣ್ಣು ಮುಚ್ಚಿದ್ದ ಮಾತು ನಾಲಗೆಯ ತುದಿಯಲ್ಲಿತ್ತು; ಅಲ್ಲೇ ಉಳಿಯಿತು.

ಮರುದಿನ ಸ್ಟ್ರೀಟರ್ ಬಂದ. ಓಪಲ್‌ಗೆ ಹೂವು, ಕ್ಲೀಟಸ್‌ಗೆ ಸಿಗಾರ್ ತಂದಿದ್ದ. ಆಮೇಲೆ ಲೀಲಂಡನನ್ನು ಹೊರಗಿನ ಬೆಂಚಿಗೆ ಕರೆದುಕೊಂಡು ಹೋದ.

"ಸರ್ಕಾರದ ವಿಚಾರಣೆ ಆಗುತ್ತೆ. ಊಟದ ಹೊತ್ತಲ್ಲಿ ಅವನು ಕುಡಿದಿದ್ದನಂತೆ?"

"ಎರಡು ಬಿಯರ್. ಅದು—"

"ಕುಡಿದಿದ್ದನೋ ಇಲ್ವೋ?"

"ಕುಡಿದಿದ್ದ."

"ಎರಡನೇ ಸಲ ಹಾರಕ್ಕೆ ಒಪ್ಪಿದನೋ ಇಲ್ವೋ?"

"ಒಪ್ಪಿದ."

"ಮತ್ತೆ? ಒಂದು ಸುಳ್ಳೂ ಬೇಡಪ್ಪ. ನಿಜ ಬರಿ, ಚಿಕ್ಕದಾಗಿ ಬರಿ. ಚಿಕ್ಕದಾಗಿ ಬರಿಯೋದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಸ್ಟ್ರೀಟರ್ ಎದ್ದು ನಿಂತ. "ಆರು ದಿನದ ಕೆಲಸ ಉಳಿದಿದೆ. ಚಿತ್ರ ನಿಂತರೆ ಎಪ್ಪತ್ತು ಜನ ಮನೆಗೆ ಹೋಗ್ತಾರೆ. ನೀನೂ."

ಲೀಲಂಡ್ ಹೇಳಿಕೆಯನ್ನು ಅರ್ಧ ಗಂಟೆಯಲ್ಲಿ ಬರೆದ. ಮೊದಲು ಎರಡು ಪುಟ ಆಯಿತು. ಅಭ್ಯಾಸಬಲದಿಂದ ಸೀಸದಕಡ್ಡಿ ಕೈಗೆ ಬಂತು. ಕೊನೆಗೆ ಉಳಿದದ್ದು ಇಷ್ಟು: 'ಊಟದ ಸಮಯದಲ್ಲಿ ಮೇಬ್ರಿ ಎರಡು ಬಾಟಲಿ ಬಿಯರ್ ಕುಡಿದದ್ದನ್ನು ಕಣ್ಣಾರೆ ಕಂಡೆ. ಎರಡನೆಯ ಸಲ ಹಾರಲು ಆಗುತ್ತದೆಯೇ ಎಂದು ಅವನನ್ನು ಕೇಳಿದೆ. ಆಗದಿದ್ದರೆ ಬೇಡ ಎಂದೂ ಹೇಳಿದೆ. ಆಗುತ್ತದೆ ಎಂದು ಅವನೇ ಎದ್ದು ಬಂದ.'

ಟೈಪ್ ಮಾಡಲು ನೆಲ್ಡಾಗೆ ಕೊಟ್ಟ. ಅವಳು ಓದಿ ಕನ್ನಡಕ ತೆಗೆದಳು.

"ಬಿಯರ್ ಯಾರು ಕೊಟ್ರು ಅಂತ ಇಲ್ಲ ಇದರಲ್ಲಿ."

"ಅವರು ಅದನ್ನ ಕೇಳಿಲ್ಲ."

"ಮೊದಲನೇ ಟೇಕ್ ಸರಿ ಇತ್ತು, ಇವತ್ತಿಗೆ ರಜಾ ಅಂತ ನೀವೇ ಹೇಳಿದ್ದೂ ಇಲ್ಲ."

ನೆಲ್ಡಾ ಟೈಪ್ ಮಾಡಿದಳು. ಅವಳೂ ಕೆಲಸ ಉಳಿಸಿಕೊಳ್ಳಬೇಕಾದವಳೇ. ಆ ದಿನದ ಅವಳ ದಾಖಲೆಯ ಹಾಳೆಯನ್ನು ಸ್ಟ್ರೀಟರನ ಕಚೇರಿಯವರು ಸಂಜೆಯೇ ಬಂದು ತೆಗೆದುಕೊಂಡು ಹೋದರು.

ಎರಡು ದಿನ ಬಿಟ್ಟು ತೊಳೆದ ಫಿಲ್ಮ್ ಬಂತು. ಕತ್ತಲ ಕೋಣೆಯಲ್ಲಿ ಲೀಲಂಡ್ ಮೊದಲನೆಯ ಟೇಕನ್ನು ಮೊದಲ ಸಲ ನೋಡಿದ. ಕುದುರೆ ಮೂತಿಯಿಂದ ಬಾಲದವರೆಗೆ ಚೌಕಟ್ಟಿನೊಳಗೇ ಇತ್ತು. ಹಿಂಗಾಲೂ ಇತ್ತು. ಕ್ಲೀಟಸ್ ನೀರಿಗೆ ಬೀಳುವಾಗ ಟೋಪಿ ಮಾತ್ರ ಮೇಲೆ ಗಾಳಿಯಲ್ಲಿ ಉಳಿದು, ಆಮೇಲೆ ನಿಧಾನವಾಗಿ ಇಳಿಯುತ್ತಿತ್ತು. ಅಂಥದ್ದೊಂದು ದೃಶ್ಯವನ್ನು ಬರೆದು ಪಡೆಯಲು ಸಾಧ್ಯವಿಲ್ಲ. ಪಕ್ಕದಲ್ಲಿದ್ದ ಕ್ಯಾಮೆರಾದವನು "ಅಯ್ಯೋ ದೇವರೇ" ಎಂದು ಎದ್ದು ಹೊರಗೆ ಹೋದ.

ಚಿತ್ರ ಗೆದ್ದಿತು. ಪತ್ರಿಕೆಗಳು ಸೇತುವೆಯ ದೃಶ್ಯವನ್ನು ಹೊಗಳಿದವು. ಸ್ಟ್ರೀಟರ್ ಇನ್ನೊಂದು ಚಿತ್ರವನ್ನು ಅವನ ಕೈಗೆ ಕೊಟ್ಟ. ಅದೇ ತಿಂಗಳು ವಿಚಾರಣೆಯ ತೀರ್ಪೂ ಬಂತು. ಸವಾರ ಕೆಲಸದ ಹೊತ್ತಿನಲ್ಲಿ ಮದ್ಯ ಸೇವಿಸಿದ್ದ, ಅಪಾಯ ಗೊತ್ತಿದ್ದೂ ಒಪ್ಪಿದ್ದ. ಆದ್ದರಿಂದ ಪರಿಹಾರವಿಲ್ಲ, ಚಿಕಿತ್ಸೆಯ ಹೊಣೆಯೂ ಸ್ಟುಡಿಯೊದ್ದಲ್ಲ.

ಲೀಲಂಡ್ ರೆಸೀಡಾಗೆ ಹೋಗುವುದನ್ನು ಅಷ್ಟರಲ್ಲೇ ನಿಲ್ಲಿಸಿದ್ದ. ಓಪಲ್ಲೇ ಸ್ಟುಡಿಯೊದ ಗೇಟಿಗೆ ಬಂದಳು. ನಿಂಬೆಹಣ್ಣು ತುಂಬುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಆ ಏಪ್ರನ್ ಇನ್ನೂ ಮೈಮೇಲಿತ್ತು. ಹನ್ನೊಂದು ವರ್ಷ ಅವನನ್ನು ನೀನು ಎಂದು ಕರೆದವಳು.

"ಮಿಸ್ಟರ್ ಪ್ರೂಯಿಟ್, ನೀವು ಬರೆದದ್ದನ್ನ ವಕೀಲರು ನಮಗೆ ಓದಿ ಹೇಳಿದ್ರು."

"ಓಪಲ್, ನಾನು—"

"ಕ್ಲೀಟಸ್ ಎರಡು ಸಲ ಓದಿಸಿದ್ರು. ಎಲ್ಲಾದ್ರೂ ಒಂದು ಸುಳ್ಳು ಸಿಗುತ್ತಾ ಅಂತ ಹುಡುಕಿದ್ರು. ಸಿಗ್ಲಿಲ್ಲ. 'ಅಷ್ಟೂ ನಿಜ ಕಣೆ, ಒಂದು ಪದ ಜಾಸ್ತಿ ಇಲ್ಲ, ಕಡಿಮೆ ಇಲ್ಲ' ಅಂದ್ರು." ಅವಳ ಧ್ವನಿ ಏರಲಿಲ್ಲ. "ಊರಲ್ಲಿ ಎಲ್ಲ ಈಗ ನನ್ನ ಗಂಡನ್ನ ಕುಡುಕ ಅಂತಾರೆ. ಅವರ ಅಪ್ಪ ಪಾದ್ರಿ. ಅವರು ಜನ್ಮದಲ್ಲಿ ಬಾಟಲಿ ಮುಟ್ಟಿದವರಲ್ಲ, ನಿಮ್ಮ ಜೊತೆ ಬಿಟ್ಟರೆ."

ತಿರುಗಿ ಬಸ್ಸಿನ ನಿಲ್ದಾಣದತ್ತ ನಡೆದಳು.

ಅಂದಿನಿಂದ ಲೀಲಂಡ್‌ಗೆ ಬರವಣಿಗೆ ಕೈಕೊಟ್ಟಿತು. ಹಾಳೆ ತುಂಬುತ್ತಿತ್ತು; ಹೊಡೆಯಲು ಹೋದರೆ ಕೈ ನಿಲ್ಲುತ್ತಿತ್ತು. ಒಂದು ಸಾಲು ಹೊಡೆದರೆ ಅದರ ಅಡಿಯಲ್ಲಿ ಯಾರೋ ಇದ್ದಾರೆ ಎನ್ನಿಸುತ್ತಿತ್ತು. ಹೊಸ ಚಿತ್ರಕ್ಕೆ ನೂರ ಎಂಬತ್ತು ಪುಟ ಕೊಟ್ಟ. ಸ್ಟ್ರೀಟರ್ ಬೇರೆಯವರಿಂದ ಕತ್ತರಿ ಹಾಕಿಸಿದ. ಚಿತ್ರೀಕರಣದ ಎರಡನೆಯ ವಾರ ಒಂದು ಬಂಡಿ ಮಗುಚುವ ದೃಶ್ಯವಿತ್ತು. ಬಂಡಿಯಲ್ಲಿ ಕೂತಿದ್ದವನು ಹೊಸ ಸಾಹಸಿ, ಕ್ಲೀಟಸ್‌ನ ಶಿಷ್ಯ. ಮೊದಲ ಟೇಕಿನಲ್ಲಿ ಚಕ್ರ ಸರಿಯಾಗಿ ಕಳಚಲಿಲ್ಲ. ಎಲ್ಲರೂ ಲೀಲಂಡನ ಮುಖ ನೋಡಿದರು. 'ಇನ್ನೊಂದು ಸಲ' ಎಂದು ಹೇಳಲು ಅವನಿಂದ ಆಗಲಿಲ್ಲ. ಕುರ್ಚಿಯಿಂದ ಎದ್ದು ಕಾರಿನಲ್ಲಿ ಹೋಗಿ ಕೂತ. ಆ ದೃಶ್ಯವನ್ನು ಬೇರೆಯವರು ತೆಗೆದರು.

ಅವತ್ತು ಸಂಜೆ ನೆಲ್ಡಾಳ ಮನೆಗೆ ಹೋದ. ಅವಳು ತರಕಾರಿ ಹೆಚ್ಚುತ್ತಿದ್ದಳು. ಅವನನ್ನು ಕಂಡು ಆಶ್ಚರ್ಯಪಡಲಿಲ್ಲ.

"ಆ ದಿನದ ಹಾಳೆ ಅವರ ಹತ್ತಿರಾನೇ ಇದ್ಯಾ?"

"ಅದು ಸುಟ್ಟು ಬೂದಿಯಾಗಿರುತ್ತೆ."

"ನೀವು ಮೊದಲು ಶೀಘ್ರಲಿಪಿಯಲ್ಲಿ ಗೀಚಿಕೊಂಡು, ಆಮೇಲೆ ತಾನೇ ಹಾಳೆಗೆ ಏರಿಸೋದು?"

ನೆಲ್ಡಾ ಚಾಕು ಕೆಳಗಿಟ್ಟಳು. ಒಳಗೆ ಹೋಗಿ ಒಂದು ಪುಟ್ಟ ಟಿಪ್ಪಣಿ ಪುಸ್ತಕ ತಂದು ಮೇಜಿನ ಮೇಲಿಟ್ಟಳು. "ಏಳು ತಿಂಗಳಾಯ್ತು. ನೀವು ಕೇಳ್ತೀರಾ ಅಂತ ಮೊದಲ ತಿಂಗಳು ಕಾದೆ. ಆಮೇಲೆ ಕಾಯೋದು ಬಿಟ್ಟೆ."

ಅವನಿಗೆ ಆ ಲಿಪಿ ತನ್ನ ಕೈಬರಹದಷ್ಟೇ ಪರಿಚಿತ. ಓದಿದ. 'ಸೇತುವೆ. ಒಂದನೆಯ ಟೇಕ್, 11.45. ಉತ್ತಮ. ನಿರ್ದೇಶಕರು ಸವಾರನಿಗೆ ರಜೆ ಕೊಟ್ಟರು. ನಿ. ಬಿಯರ್ ಕೊಟ್ಟರು. 2.10, ನಿ. ಇನ್ನೊಂದು ಟೇಕ್ ಕೇಳಿದರು. ಸವಾರ: ಕುದುರೆ ದಣಿದಿದೆ.' ಅದರ ಕೆಳಗೆ ಸಣ್ಣದಾಗಿ ಇನ್ನೊಂದು ಸಾಲಿತ್ತು: 'ಒಂದನೆಯ ಟೇಕಿನಲ್ಲಿ ನಿ. ಕಣ್ಣು ಮುಚ್ಚಿದ್ದರು.'

"ನಿಮಗೆ ಗೊತ್ತಿತ್ತಾ?"

"ನಾನು ನೋಡೋದೇ ಸಂಬಳಕ್ಕೆ, ಮಿಸ್ಟರ್ ಪ್ರೂಯಿಟ್."

ಮರುವಿಚಾರಣೆಗೆ ಅವನೇ ಅರ್ಜಿ ಕೊಟ್ಟ. ಅದು ಕಿವಿಗೆ ಬಿದ್ದ ದಿನ ಸ್ಟ್ರೀಟರ್ ಅವನನ್ನು ಕರೆಸಿದ. ಬೈಯಲಿಲ್ಲ, ಅದೇ ವಿಚಿತ್ರ.

"ಯಾರೂ ಕೇಳದೆ ಇರೋದನ್ನ ನೀನಾಗೇ ಹೋಗಿ ಹೇಳ್ತೀಯಾ?"

"ಹೌದು."

"ಅವನ ಕಾಲು ಬರುತ್ತಾ?"

"ಇಲ್ಲ."

"ಹುಚ್ಚ," ಎಂದ ಸ್ಟ್ರೀಟರ್, ಸ್ವಲ್ಪ ಬೇಸರದಿಂದಲೇ. "ಮೇಜು ಖಾಲಿ ಮಾಡು."

ಲಾಸ್ ಏಂಜಲೀಸ್‌ನ ಒಂದು ಸರ್ಕಾರಿ ಕಟ್ಟಡದ ಮೂರನೆಯ ಮಹಡಿಯಲ್ಲಿ ವಿಚಾರಣೆ ನಡೆಯಿತು. ಕ್ಲೀಟಸ್ ಗಾಲಿಕುರ್ಚಿಯಲ್ಲಿ, ಓಪಲ್ ಅದರ ಹಿಂದೆ. ಲೀಲಂಡ್ ಈ ಸಲ ಏನನ್ನೂ ಬರೆದು ತಂದಿರಲಿಲ್ಲ; ನೆಲ್ಡಾಳ ಟಿಪ್ಪಣಿ ಪುಸ್ತಕ ವಿಚಾರಣಾಧಿಕಾರಿಯ ಮೇಜಿನ ಮೇಲಿತ್ತು. ಸ್ಟುಡಿಯೊದ ವಕೀಲರು ಅವನನ್ನು ಮುಕ್ಕಾಲು ಗಂಟೆ ಹಿಂಡಿದರು.

"ಬಿಯರ್ ಕೊಟ್ಟವರು ಯಾರು?" ಎಂದು ವಿಚಾರಣಾಧಿಕಾರಿ ಕೇಳಿದರು.

"ನಾನು."

"ಆಮೇಲೆ ಕೆಲಸವಿದೆ ಎಂದು ಅವರಿಗೆ ತಿಳಿದಿತ್ತೇ?"

"ಇಲ್ಲ. ರಜಾ ಅಂದಿದ್ದೆ. ನಾನೇ... ನಾನೇ ಅಂದಿದ್ದೆ."

"ಹಾಗಿದ್ದ ಮೇಲೆ ಎರಡನೆಯ ಟೇಕ್ ಅಗತ್ಯವಿತ್ತೇ?"

"ಇರಲಿಲ್ಲ. ಮೊದಲನೆಯದು... ನಾನು ನೋಡಿರಲಿಲ್ಲ. ಕಣ್ಣು ಮುಚ್ಚಿದ್ದೆ. ಹೇಳಕ್ಕೆ ನಾಚಿಕೆಯಾಯ್ತು. ಅದಕ್ಕೆ ಇನ್ನೊಂದು ಸಲ ಅಂದೆ."

ಮೂಲೆಯಲ್ಲಿದ್ದ ಶೀಘ್ರಲಿಪಿಕಾರ ಅದನ್ನೂ ಬರೆದುಕೊಂಡ. ಕ್ಲೀಟಸ್ ತಲೆ ಎತ್ತಿ ಲೀಲಂಡನನ್ನು ದಿಟ್ಟಿಸಿದ. ಕಣ್ಣು ಮುಚ್ಚಿದ್ದ ಸಂಗತಿ ಅವನಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಇಷ್ಟಕ್ಕಾ, ಎನ್ನುವ ಹಾಗಿತ್ತು ಆ ನೋಟ. ಓಪಲ್ ಗಂಡನ ಭುಜದ ಮೇಲೆ ಕೈಯಿಟ್ಟಳು.

ತೀರ್ಪು ತಿರುಗಿತು. ಕ್ಲೀಟಸ್‌ನ ಚಿಕಿತ್ಸೆ ಬದುಕಿರುವವರೆಗೂ ಸ್ಟುಡಿಯೊದ ಹೊಣೆಯಾಯಿತು. ಕುಡುಕ ಎಂಬ ಪದ ಕಾಗದದಿಂದ ಹೋಯಿತು. ಜನರ ಬಾಯಿಂದ ಹೋಗಲು ಇನ್ನೂ ಕೆಲವು ವರ್ಷ ಬೇಕಾಯಿತು. ಹೊರಗೆ ಮೆಟ್ಟಿಲ ಬಳಿ ಲೀಲಂಡ್ ಕುರ್ಚಿ ಹಿಡಿಯಲು ಮುಂದಾದ.

"ಬೇಡ," ಎಂದ ಕ್ಲೀಟಸ್. "ಓಪಲ್ ಇದ್ದಾಳೆ."

ಲೀಲಂಡ್‌ಗೆ ಮತ್ತೆ ಯಾರೂ ನಿರ್ದೇಶನ ಕೊಡಲಿಲ್ಲ. ವಿಚಾರಣೆಗೆ ಹೋಗಿ ತನ್ನ ಸ್ಟುಡಿಯೊದ ವಿರುದ್ಧವೇ ಬಾಯಿಬಿಟ್ಟವನನ್ನು ಯಾವ ಸ್ಟುಡಿಯೊ ಹತ್ತಿರ ಸೇರಿಸೀತು? ನೆಲ್ಡಾ ಮಾತ್ರ ಬಚಾವಾದಳು. ಇಷ್ಟೊಂದು ನೆನಪಿಟ್ಟುಕೊಳ್ಳುವವಳು ನಮ್ಮ ಕಡೆ ಇರಲಿ ಎಂದು ಬೇರೊಂದು ಸ್ಟುಡಿಯೊ ಅವಳನ್ನು ಕರೆದುಕೊಂಡಿತು. ಎರಡು ವರ್ಷ ಲೀಲಂಡ್ ಪುಸ್ತಕದ ಅಂಗಡಿಯಲ್ಲಿ ನಿಂತ. ಆಮೇಲೆ ಟೆಲಿವಿಷನ್ ಬಂದು, ಅರ್ಧ ಗಂಟೆಯ ಕಥೆಗಳಿಗೆ ಮಾತು ಬರೆಯುವವರು ಬೇಕಾದರು. ಬೇರೆಯವರ ಕಥೆಗೆ ಮಾತು ತಿದ್ದಿಕೊಡುವ ಕೆಲಸ ಸಿಕ್ಕಿತು. ಕಾರ್ಯಕ್ರಮದ ಕೊನೆಯಲ್ಲಿ ಬರುವ ಅವನ ಹೆಸರು ಓದುವುದರೊಳಗೆ ಮಾಯವಾಗುತ್ತಿತ್ತು.

1953ರಲ್ಲಿ ಒಂದು ಬೆಳಿಗ್ಗೆ ಫೋನು ಬಂತು. ಓಪಲ್. ಕುಶಲ ಕೇಳಲಿಲ್ಲ.

"ಗುರುವಾರ ನಿನಗೆ ಕೆಲಸ ಇದ್ಯಾ?"

"ಇಲ್ಲ."

"ವಾರವಾರ ಅವರನ್ನ ಬಿಸಿನೀರಿನ ಚಿಕಿತ್ಸೆಗೆ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ನನಗೆ ರಜಾ ಕೊಡಲ್ಲ. ಕಾರು ಇದ್ಯಲ್ಲ ನಿನ್ನ ಹತ್ತಿರ?"

ನೀನು ಎಂದಿದ್ದಳು. ಅದು ಬಾಯಿತಪ್ಪಿ ಬಂದದ್ದೋ ಏನೋ, ಅವನಿಗೆ ಕೇಳುವ ಧೈರ್ಯವಾಗಲಿಲ್ಲ.

ಮೊದಲ ಗುರುವಾರ ಕ್ಲೀಟಸ್‌ನನ್ನು ಕುರ್ಚಿಯಿಂದ ಕಾರಿಗೆ ಎತ್ತಿ ಕೂರಿಸುವಾಗ ಇಬ್ಬರ ಮುಖವೂ ತೀರ ಹತ್ತಿರ ಬಂದಿತ್ತು. ಇಬ್ಬರೂ ಬೇರೆ ಬೇರೆ ಕಡೆ ನೋಡಿದರು. ಹೋಗುವಾಗ ನಲವತ್ತು ನಿಮಿಷ, ಬರುವಾಗ ನಲವತ್ತು. ಒಂದು ವರ್ಷ ಆ ಹಾದಿಯಲ್ಲಿ ಕಿಟಕಿ ಏರಿಸು, ಕಿಟಕಿ ಇಳಿಸು ಎನ್ನುವುದರ ಹೊರತು ಮಾತಿರಲಿಲ್ಲ. ಒಮ್ಮೆ ಲೀಲಂಡ್ ಕ್ಷಮೆ ಕೇಳಲು ಬಾಯಿ ತೆರೆದ. ಕ್ಲೀಟಸ್ ಕೈ ಎತ್ತಿ ತಡೆದ. "ಅದೆಲ್ಲ ಬೇಡ. ಕೇಳಿದ್ರೆ ನಾನು ಏನಾದ್ರೂ ಹೇಳ್ಬೇಕಾಗುತ್ತೆ. ನನ್ನ ಹತ್ತಿರ ಹೇಳಕ್ಕೆ ಏನೂ ಇಲ್ಲ. ಗಾಡಿ ಓಡಿಸು."

ಎರಡನೆಯ ವರ್ಷದ ಬೇಸಿಗೆಯಲ್ಲಿ, ರಸ್ತೆ ಬದಿಯ ಒಂದು ಬಿಳಿ ಕುದುರೆಯನ್ನು ಕಂಡು ಕ್ಲೀಟಸ್ ತಾನಾಗಿ ಮಾತು ತೆಗೆದ. ಧೂಳಿನ ಬಿರುಗಾಳಿಯ ವರ್ಷ ಅವನ ಅಪ್ಪ, ಆ ಪಾದ್ರಿ, ಕಣ್ಣು ಹೋದ ಒಂದು ಮುದಿ ಹೆಣ್ಣು ಕುದುರೆಯನ್ನು ಚರ್ಚಿನ ಒಳಗೆ ಕಟ್ಟಿಹಾಕಿ ಉಳಿಸಿದ ಕಥೆ. ಭಾನುವಾರ ಜನ ಬಂದಾಗ ಅದು ಮೊದಲ ಸಾಲಿನಲ್ಲೇ ನಿಂತಿತ್ತಂತೆ, ಪ್ರಾರ್ಥನೆಗೆ ಕಿವಿ ಅಲ್ಲಾಡಿಸುತ್ತ. ಲೀಲಂಡ್ ಗಾಡಿಯ ವೇಗ ತಗ್ಗಿಸಿ ಕೇಳಿದ. ಇಪ್ಪತ್ತು ವರ್ಷದಲ್ಲಿ ಅಂಥ ಕಥೆ ಅವನ ಕೈಗೆ ಸಿಕ್ಕಿರಲಿಲ್ಲ.

ಕ್ಲೀಟಸ್ ಅವನ ಮುಖವನ್ನು ಗಮನಿಸಿದ. "ಲೇ ರೈಟ್ರೇ. ಇದನ್ನ ಬರೀಬೇಡ."

"ಬರಿಯಲ್ಲ."

"ಇದೊಂದನ್ನೇ ಅಲ್ಲ, ಇನ್ನು ಮುಂದೆ ಹೇಳೋದು ಯಾವುದನ್ನೂ."

"ಬರಿಯಲ್ಲ ಅಂದ್ನಲ್ಲ."

ಅಲ್ಲಿಂದ ಆರೇಳು ವರ್ಷ, ಗುರುವಾರಕ್ಕೊಂದರಂತೆ ಕಥೆಗಳು ಬಂದವು. ಆ ವರ್ಷಗಳಲ್ಲಿ ಕೌಬಾಯ್ ಕಥೆಗಳಿಗೆ ಟೆಲಿವಿಷನ್‌ನವರು ಮುಗಿಬೀಳುತ್ತಿದ್ದರು. ಹಳೆಯ ಸಾಹಸಿಗಳ ನೆನಪಿದ್ದರೆ ಕೊಡು ಎಂದು ಲೀಲಂಡನನ್ನು ಎರಡು ಸಲ ಕೇಳಿದರು. ನನಗೆ ಅಂಥದ್ದೇನೂ ಗೊತ್ತಿಲ್ಲ ಎಂದ. ಅವನ ಮನೆಯಲ್ಲಿ ಆ ಬಗ್ಗೆ ಒಂದು ಚೀಟಿಯೂ ಇರಲಿಲ್ಲ.

1961ರ ಚಳಿಗಾಲದಲ್ಲಿ ಕ್ಲೀಟಸ್ ಮೂತ್ರಪಿಂಡದ ಸೋಂಕಿನಿಂದ ತೀರಿಕೊಂಡ. ಮೂರು ವಾರದ ಮೇಲೆ ಓಪಲ್ ಫೋನು ಮಾಡಿದಳು. ಗಾಲಿಕುರ್ಚಿಯನ್ನು ಆಸ್ಪತ್ರೆಗೆ ಕೊಟ್ಟುಬಿಡೋಣ, ಯಾರಿಗಾದರೂ ಆಗುತ್ತದೆ ಎಂದಳು. ಲೀಲಂಡ್ ಅದನ್ನು ಮಡಿಚಿ ಕಾರಿನ ಹಿಂದೆ ಹಾಕಿದ. ಓಪಲ್ ಮುಂದೆ ಕೂತಳು. ವಾಲ್‌ನಟ್ ತೋಪು ಕಡಿದ ಜಾಗದಲ್ಲೆಲ್ಲ ಹೊಸ ಮನೆಗಳೆದ್ದಿದ್ದವು; ಬಹಳ ಹೊತ್ತು ಅದನ್ನೇ ನೋಡುತ್ತಿದ್ದಳು.

"ಇಷ್ಟು ವರ್ಷ ಈ ದಾರಿಯಲ್ಲಿ ಏನು ಮಾತಾಡ್ತಿದ್ರಿ ನೀವಿಬ್ರು?"

"ಕುದುರೆ ವಿಷಯ," ಎಂದ ಲೀಲಂಡ್.

ಓಪಲ್ ಹೂಂಗುಟ್ಟಿದಳು. ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ಗುರುತು ಹಿಡಿದು ಕೈ ಬೀಸಿದ. ಅವರು ಒಳಗೆ ಹೋದರು.